ಎಣ್ಣೆ ಮುಗಿಯುವ ಹೊತ್ತು

ಕಳೆದ ತಿಂಗಳು ಮಂಗಳೂರಿನ ಬಂದರಿನ ಹತ್ತಿರ ಒಂದು ಬೈಕ್ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಕಾಲು ತಾನಾಗಿಯೇ ನಿಂತಿತು. ಮೆಕ್ಯಾನಿಕ್ ಯಾವುದೋ ಹಳೆಯ ಗಾಡಿಯ ಟ್ಯಾಂಕ್ ತೊಳೆದು, ಮೆದು ಚರ್ಮದ ಒಂದು ತುಂಡಿನಿಂದ ಒರೆಸುತ್ತಿದ್ದ. ಪೆಟ್ರೋಲ್ ಕುಡಿದ ಹಸಿ ಚರ್ಮದ ವಾಸನೆ. ಪೆಟ್ರೋಲಿನ ವಾಸನೆ ಎಲ್ಲರಿಗೂ ಗೊತ್ತು, ಚರ್ಮದ್ದೂ ಗೊತ್ತು. ಎರಡೂ ಸೇರಿದಾಗ ಹುಟ್ಟುವುದು ಬೇರೆಯೇ. ಅದನ್ನು ನಾನು ಒಂದೇ ಒಂದು ಬೇಸಿಗೆಯಲ್ಲಿ ದಿನವೂ ಎನ್ನುವ ಹಾಗೆ ಮೂಸಿದ್ದೇನೆ. ಬಹರೈನಿನ ಸನದ್‌ನಲ್ಲಿ, ನಾನಿದ್ದ ಕಟ್ಟಡದ ಕೆಳಮಹಡಿಯ ಒಂದು ಮಲಗುವ ಕೋಣೆಯಲ್ಲಿ. ಆ ಕೋಣೆಯಲ್ಲಿ ಪೆಟ್ರೋಲೂ ಇರಲಿಲ್ಲ, ಚರ್ಮವೂ ಇರಲಿಲ್ಲ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ದುಡಿದವನು. ಕಂಡದ್ದನ್ನು ಕಂಡಷ್ಟೇ ಬರೆಯಬೇಕು, ಕೇಳಿದ್ದನ್ನು ಬರೆಯುವಾಗ ಯಾರಿಂದ ಕೇಳಿದ್ದೆಂದು ಹೇಳಬೇಕು, ಒಬ್ಬ ಹೇಳಿದ್ದು ಮಾಹಿತಿ, ಇಬ್ಬರು ಬೇರೆಬೇರೆಯಾಗಿ ಹೇಳಿದ್ದು ಸುದ್ದಿ ಎಂಬ ಪಾಠದಲ್ಲಿ ಬೆಳೆದವನು. ಇದನ್ನೂ ಹಾಗೆಯೇ ಬರೆಯುತ್ತೇನೆ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುತ್ತೇನೆ.

ಆ ವರ್ಷ ನಾನು ಮನಾಮಾದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿದ್ದೆ. ಪಾಳಿ ಸಂಜೆಯದು, ಹಾಗಾಗಿ ಮಧ್ಯಾಹ್ನಗಳೆಲ್ಲ ನನ್ನವು. ಅಲ್ಲಿ ಬೇಸಿಗೆಯ ಮೊದಲರ್ಧ ಒಣಗಾಳಿಯದು, ಮರಳಿನದು. ಅದನ್ನು ಹೇಗೋ ತಡೆದುಕೊಳ್ಳಬಹುದು. ಆಗಸ್ಟಿನಲ್ಲಿ ಗಾಳಿ ತಿರುಗುತ್ತದೆ. ಕಾರಿನಿಂದ ಇಳಿದ ಕೂಡಲೇ ಕನ್ನಡಕದ ಗಾಜು ಮಂಜಾಗಿ ಎದುರಿನ ಮನುಷ್ಯ ಕಾಣಿಸುವುದಿಲ್ಲ. ಕಟ್ಟಡಗಳ ಹೊರಗೋಡೆ ಬೆವರುತ್ತದೆ. ಕರಾವಳಿಯಲ್ಲಿ ಹುಟ್ಟಿದವನಿಗೆ ಅದು ವಿಚಿತ್ರವಾದ ಹಿಂಸೆ: ಮಳೆಯ ಮುಂಚಿನ ಎಲ್ಲ ಗುರುತುಗಳೂ ಇರುತ್ತವೆ, ಮಳೆ ಮಾತ್ರ ಬರುವುದಿಲ್ಲ. ಹಗಲು ಹೊತ್ತಿನಲ್ಲೇ ಆಕಾಶ, ಕಡಲು, ನೆಲ ಮೂರೂ ಒಂದೇ ಬಿಳಿ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಹೇಳುವುದಕ್ಕೆ ಆಗುವುದಿಲ್ಲ.

ಶುಕ್ರವಾರಗಳಂದು ನನಗೆ ಅವಾಲಿಯಲ್ಲಿ ಒಂದು ಬಿಡಿ ಕೆಲಸವಿತ್ತು. ತೈಲ ಕಂಪನಿ ಕಟ್ಟಿದ ಆ ಊರಿನಲ್ಲಿ ಪೀಟರ್ ಎಂಬ ನಿವೃತ್ತ ಇಂಗ್ಲಿಷ್ ಎಂಜಿನಿಯರ್ ಇದ್ದರು. ಎಂಬತ್ತರ ಹತ್ತಿರದ ವಯಸ್ಸು. ಯೌವನದಲ್ಲಿ ಕೆಲಸಕ್ಕೆ ಬಂದವರು ಅಲ್ಲೇ ನೆಲೆಸಿದ್ದರು. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಒಂದು ಭಾರಿ ಬಾಂಬರ್ ದಳದ ಎಂಜಿನಿಯರಿಂಗ್ ಅಧಿಕಾರಿ. ಪೀಟರ್ ಆ ದಳದ ಯುದ್ಧಕಾಲದ ಇತಿಹಾಸ ಬರೆದಿದ್ದರು. ಅದನ್ನು ಓದಿ, ತಿದ್ದಿ, ಕತ್ತರಿಸಿ ಪುಸ್ತಕದ ಅಳತೆಗೆ ತರುವುದು ನನ್ನ ಪಾಲಿಗೆ ಬಂದಿತ್ತು. ದಳದ ಹೆಸರು ಇಲ್ಲಿ ಬೇಡ.

ಕಥೆ ದೊಡ್ಡದು, ನಾನು ಚಿಕ್ಕದು ಮಾಡುತ್ತೇನೆ. ನಾಲ್ಕು ಎಂಜಿನಿನ ವಿಮಾನಗಳು. ಬೇರೆಬೇರೆ ದೇಶಗಳಿಂದ ಬಂದ ಹುಡುಗರು, ಹೆಚ್ಚಿನವರಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಮರುಭೂಮಿಯ ಮೇಲಿಂದ ಪೂರ್ವಕ್ಕೆ ಹೊರಟ ದಳ ದಾರಿಯಲ್ಲಿ ಬಹರೈನಿನ ಮುಹರ್ರಕ್ ದ್ವೀಪದ ವಿಮಾನ ನೆಲೆಯಲ್ಲಿ ಒಂದು ಬೇಸಿಗೆ ತಂಗಿತು. ಅಲ್ಲಿಂದ ಬಂಗಾಳಕ್ಕೆ ಹೋಗಿ ಬರ್ಮಾದ ರೈಲು ಹಳಿ, ಸೇತುವೆಗಳ ಮೇಲೆ ಬಾಂಬು ಹಾಕಿತು. ಒಂದು ಹಾರಾಟವೆಂದರೆ ಹಗಲಿಡೀ ಅಥವಾ ರಾತ್ರಿಯಿಡೀ, ಕೆಳಗೆ ಬರೀ ನೀರು ಇಲ್ಲವೇ ಕಾಡು. ಯುದ್ಧ ಮುಗಿದಾಗ ಉಳಿದ ವಿಮಾನಗಳನ್ನು ಮತ್ತೆ ಹಾರದಂತೆ ಮುರಿದುಹಾಕಿ ಹುಡುಗರು ಊರಿಗೆ ಹೋದರು. ಉಳಿದ ಹುಡುಗರು.

ದಳದ ಒಂದು ಪದ್ಧತಿಯನ್ನು ಮೊದಲೇ ಹೇಳಬೇಕು. ರನ್‌ವೇಯ ತುದಿಯಲ್ಲಿ ನೆಲದ ಮೇಲೆ ಒಂದು ದೊಡ್ಡ ಬಿಳಿ ಕ್ಯಾನ್ವಾಸ್ ಬಟ್ಟೆ ಹಾಸಿರುತ್ತಿದ್ದರು, ಇಳಿಯುವ ವಿಮಾನಕ್ಕೆ ದಿಕ್ಕು ತೋರಿಸಲು. ಹೋದ ವಿಮಾನ ಬರಲಿಲ್ಲವೆಂದರೆ ಕಾಯುತ್ತಿದ್ದರು. ಎಷ್ಟು ಹೊತ್ತು? ತುಂಬಿಸಿದ ಎಣ್ಣೆ ಎಷ್ಟು ಹೊತ್ತು ಬರುತ್ತದೋ ಅಷ್ಟು. ಆ ಗಳಿಗೆ ದಾಟಿದ ಮೇಲೆ ವಿಮಾನ ಎಲ್ಲಿಯಾದರೂ ಇರಬಹುದು, ಆಕಾಶದಲ್ಲಿ ಇರಲಾರದು. ಆಗ ಇಬ್ಬರು ಹೋಗಿ ಬಟ್ಟೆ ಮಡಚಿ ತರುತ್ತಿದ್ದರು. ದಳದಲ್ಲಿ ಯಾರೂ ಯಾರನ್ನೂ ಸತ್ತ ಎನ್ನುತ್ತಿರಲಿಲ್ಲ. ಬಟ್ಟೆ ಮಡಚಿತು ಎನ್ನುತ್ತಿದ್ದರು.

ನನಗೆ ಅಲ್ಲಿನ ಲೈಸೆನ್ಸ್ ಇರಲಿಲ್ಲ. ಅವಾಲಿಗೆ ಬಿಡುತ್ತಿದ್ದವರು ಇಸ್ಮಾಯಿಲಾಕ. ಉಚ್ಚಿಲದ ಬ್ಯಾರಿ, ಐವತ್ತು ದಾಟಿದವರು, ಸಿತ್ರಾದ ಕಾರ್ಖಾನೆಯೊಂದರ ಕಂಪನಿ ಬಸ್ ಓಡಿಸುತ್ತಿದ್ದರು. ಕಟ್ಟಡದಲ್ಲಿ ನನ್ನ ಕೆಳಗಿನ ಮಹಡಿ ಅವರದು. ಹೆಂಡತಿ ಮಕ್ಕಳು ಊರಿನಲ್ಲಿ. ಆ ಬೇಸಿಗೆ ಅವರ ತಾಯಿ ಖದೀಜಮ್ಮ ವಿಸಿಟ್ ವೀಸಾದಲ್ಲಿ ಬಂದು ಮಗನ ಜತೆಗಿದ್ದರು. ಎಂಬತ್ತು ಕಳೆದ ಹೆಂಗಸು, ಕಿಡ್ನಿ ಸೋಲುತ್ತಿತ್ತು. ಊರು ಬಿಟ್ಟು ಇಲ್ಲಿಗೆ ಬರಲು ಅವರು ಹಟ ಹಿಡಿದದ್ದು ಯಾಕೆಂದು ಮೊದಲು ನಾನು ಕೇಳಿರಲಿಲ್ಲ. ಮಗನ ಮೇಲಿನ ಆಸೆ ಎಂದುಕೊಂಡಿದ್ದೆ.

ಒಂದು ಶುಕ್ರವಾರ ದಾರಿಯಲ್ಲಿ ಇಸ್ಮಾಯಿಲಾಕ, ಆ ಬಿಳಿ ಅಜ್ಜ ಅಷ್ಟೆಲ್ಲ ಬರೆಯುವುದು ಎಂತದ್ದು ಎಂದು ವಿಚಾರಿಸಿದರು. ನಾನು ಹೇಳಿದೆ: ಯುದ್ಧ, ಮುಹರ್ರಕ್, ಬಾಂಬರ್. ರಿಫ್ಫಾ ಊರು ದಾಟಿದ ಮೇಲೆ ಅವರು ಕಾರನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದರು.

"ಶೆಟ್ರೇ, ನಿಮಗೆ ಒಂದು ಹೇಳ್ಲಿಕ್ಕುಂಟು. ನಗ್ಬಾರ್ದು."

"ಇಲ್ಲ, ಹೇಳಿ."

"ನಮ್ಮ ಉಮ್ಮನ ಬಾಪ ಆ ವಿಮಾನದಲ್ಲಿ ಹೋದದ್ದು. ಇನ್ನೂ ಬರ್ಲಿಲ್ಲ."

ನಾನು ನಗಲಿಲ್ಲ. ಅವರು ಹೇಳಿದ್ದನ್ನು ಇಷ್ಟಕ್ಕೆ ಇಳಿಸಬಹುದು. ಪೊಡಿಯಬ್ಬ ಎಂಬ ಅವರ ಅಜ್ಜ ಮದುವೆಯಾದ ಸ್ವಲ್ಪ ಸಮಯಕ್ಕೇ, ಹೆಂಡತಿ ಬಸುರಿಯಾಗಿದ್ದಾಗ, ಮಂಜಿ ಎಂಬ ಹಾಯಿಹಡಗು ಹತ್ತಿ ಬಹರೈನಿಗೆ ಬಂದ. ವಿಮಾನ ನೆಲೆಯಲ್ಲಿ ಕೂಲಿ ಕೆಲಸ. ಮಾರನೇ ವರ್ಷ ಮಂಜಿಯಲ್ಲಿ ಊರಿಗೆ ಮರಳಿದ ನೆರೆಮನೆಯ ಖಲಾಸಿಯೊಬ್ಬ ಎರಡು ಮಾತು ತಂದ. ಒಂದು: ಪೊಡಿಯಬ್ಬ ವಿಮಾನಕ್ಕೆ ಎಣ್ಣೆ ಹಾಕುತ್ತಾನೆ, ಹಾಕಿದ ಮೇಲೆ ಅದರಲ್ಲೇ ಕೂತು ಮೇಲೆ ಹೋಗಿ ಬರುತ್ತಾನೆ; ಮೇಲಿನಿಂದ ನೋಡಿದರೆ ಕಡಲಿನೊಳಗೆ ಬಾವಿಗಳು ಕಾಣಿಸುತ್ತವಂತೆ. ಎರಡು: ಒಂದು ದಿನ ಹೋದವನು ಬಂದಿಲ್ಲ.

ಊರಿನವರು ಎರಡನ್ನೂ ನಂಬಲಿಲ್ಲ. ಕೂಲಿಯವನನ್ನು ವಿಮಾನದಲ್ಲಿ ಕೂರಿಸುತ್ತಾರೆಯೇ? ಕಡಲಲ್ಲಿ ಬಾವಿ ಇರುತ್ತದೆಯೇ? ಅರಬಿ ಹುಡುಗಿಯನ್ನು ಕಟ್ಟಿಕೊಂಡಿರಬೇಕು ಎಂದರು. ಪೊಡಿಯಬ್ಬನ ಹೆಂಡತಿ ಗಂಡ ಸತ್ತವಳಂತೆ ಇದ್ದತ್ ಕೂರಲಿಲ್ಲ, ಬಣ್ಣದ ಬಟ್ಟೆ ಬಿಡಲಿಲ್ಲ, ಕಿವಿಯ ಅಲಿಕತ್ತು ಕಳಚಲಿಲ್ಲ. ತೀರಿಕೊಳ್ಳುವಾಗ ಮಗಳು ಖದೀಜಮ್ಮನಿಂದ ಮಾತು ತೆಗೆದುಕೊಂಡಿದ್ದರು: ಕಂಡವರು ಬಂದು ಹೇಳುವ ತನಕ ನಿನ್ನ ಬಾಪನ ಹೆಸರಿನಲ್ಲಿ ಗಾಯಿಬ್ ನಮಾಝ್ ಮಾಡಿಸಬೇಡ. ಗಾಯಿಬ್ ನಮಾಝ್ ಎಂದರೆ ಶವ ಎದುರಿಗಿಲ್ಲದೆ ಮಾಡುವ ಮರಣದ ಪ್ರಾರ್ಥನೆ. ಬದುಕಿರುವವನ ಹೆಸರಿನಲ್ಲಿ ಅದನ್ನು ಮಾಡಿದರೆ ಏನಾಗುತ್ತದೆ ಎನ್ನುವುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಭಯ.

"ನಾನು ಎಷ್ಟೋ ಸಲ ಹೇಳಿದೆ, ಮುಗಿಸಿಬಿಡುವ ಅಂತ," ಎಂದರು ಇಸ್ಮಾಯಿಲಾಕ. "ನೂರು ದಾಟಿತಲ್ಲ ಅವರಿಗೆ, ಎಲ್ಲಿ ಬದುಕಿರ್ತಾರೆ? ಉಮ್ಮ ಕೇಳ್ಬೇಕಲ್ಲ. ಹಾರ್ತಾ ಇರುವವರನ್ನು ಹೂಳುವುದು ಹೇಗೆ ಅಂತಾರೆ."

ಖದೀಜಮ್ಮ ಬಂದದ್ದು ಅದಕ್ಕೆ. ವೀಸಾ ಮುಗಿಯುವುದರೊಳಗೆ, ಮೈಯಲ್ಲಿ ಶಕ್ತಿ ಮುಗಿಯುವುದರೊಳಗೆ, ಕಂಡವರು ಯಾರಾದರೂ ಸಿಗುತ್ತಾರೋ ಎಂದು. ತಾನು ಹೋದರೆ ಆ ಹೆಸರಿಗೆ ಪ್ರಾರ್ಥನೆಗೆಂದು ಕೈಯೆತ್ತುವವರೇ ಇಲ್ಲ. ಕೈಯೆತ್ತದೆ ಹೋದರೂ ತಪ್ಪು, ತಪ್ಪಾಗಿ ಕೈಯೆತ್ತಿದರೂ ತಪ್ಪು.

ಆ ವಾರದಿಂದ ನಾನು ಮಧ್ಯಾಹ್ನಗಳಲ್ಲಿ ಕೆಳಗಿನ ಮನೆಗೆ ಹೋಗತೊಡಗಿದೆ. ಖದೀಜಮ್ಮ ಎ.ಸಿ. ಆರಿಸಿ, ಕಿಟಕಿ ತೆರೆದು ಕೂತಿರುತ್ತಿದ್ದರು. ಆ ಸೆಖೆಯಲ್ಲಿ ಹಾಗೆ ಕೂರುವುದು ಶಿಕ್ಷೆ. ಒಳಗೆ ಕಾಲಿಟ್ಟರೆ ಮೊದಲು ಆ ವಾಸನೆ. ಏನದು ಎಂದು ನನಗೆ ಗೊತ್ತಾಗಲಿಲ್ಲ. ಕೆಳಗಿನ ಪಾರ್ಕಿಂಗಿನದು ಇರಬೇಕು ಎಂದುಕೊಂಡೆ. ಪಾರ್ಕಿಂಗಿಗೆ ಇಳಿದು ನೋಡಿದೆ, ಅಲ್ಲಿರಲಿಲ್ಲ. ಇಸ್ಮಾಯಿಲಾಕನ ಮೂಗಿಗೆ ಅದು ಬೀಳುತ್ತಲೇ ಇರಲಿಲ್ಲ. ಬಸ್ಸಿನ ಡೀಸೆಲ್ ಕುಡಿದು ತನ್ನ ಮೂಗು ಸತ್ತು ಎಷ್ಟೋ ವರ್ಷವಾಯಿತು ಎಂದು ನಗುತ್ತಿದ್ದರು.

ಇಳಿಹೊತ್ತಿನ ಅಸರ್ ಬಾಂಗಿಗೆ ಸ್ವಲ್ಪ ಮೊದಲು ಖದೀಜಮ್ಮ ಕೈಯೆತ್ತಿ ನಮ್ಮ ಮಾತು ನಿಲ್ಲಿಸುತ್ತಿದ್ದರು.

"ಕೇಳ್ತದಾ ಮೋನೇ?"

ಅವರು ಎಲ್ಲರನ್ನೂ ಮೋನೇ ಎನ್ನುತ್ತಿದ್ದರು, ಮಗನೇ ಎಂದು. ನನಗೆ ಕೇಳಿಸುತ್ತಿದ್ದದ್ದು ದೂರದ ಹೆದ್ದಾರಿ. ಅವರು ತಲೆ ಓರೆ ಮಾಡಿ, ಅಡುಗೆಮನೆಯಲ್ಲಿ ಪಾತ್ರೆಯ ಕುದಿ ಆಲಿಸುವವರ ಹಾಗೆ ಆಲಿಸುತ್ತಿದ್ದರು. "ನಾಲ್ಕರಲ್ಲಿ ಮೂರು ಓಡ್ತಾ ಉಂಟು. ಒಂದು ಇಲ್ಲ," ಎನ್ನುತ್ತಿದ್ದರು, ಗಾಬರಿಯೇನೂ ಇಲ್ಲದೆ. ಆಮೇಲೆ ನಮಾಝಿಗೆ ಕೈಕಾಲು ಮುಖ ತೊಳೆದು ವುಝೂ ಮಾಡಲು ಏಳುತ್ತಿದ್ದರು.

ನಾನು ನನ್ನ ಕೆಲಸ ಮಾಡಿದೆ. ಆ ಹೊತ್ತಿಗೆ ಸನದ್‌ನ ಮೇಲೆ ಹಾದುಹೋಗುವ ವಿಮಾನಗಳನ್ನು ವಿಚಾರಿಸಿದೆ. ಸಿತ್ರಾದ ಕಾರ್ಖಾನೆಗಳಲ್ಲಿ ಯಾವ ಯಂತ್ರ ಯಾವಾಗ ಓಡುತ್ತದೆ ಎಂದು ಇಸ್ಮಾಯಿಲಾಕನ ಬಸ್ಸಿನ ಶಿಫ್ಟಿನವರನ್ನು ಕೇಳಿಸಿದೆ. ಯಾವುದಾದರೂ ಒಂದು ದಿನಕ್ಕೆ ಒಂದು ಕಾರಣ ಹೊಂದುತ್ತಿತ್ತು, ಮಾರನೇ ದಿನಕ್ಕೆ ಹೊಂದುತ್ತಿರಲಿಲ್ಲ. ಮುದುಕಿಯ ಕಿವಿಯೊಳಗಿನ ರಕ್ತದ ಸದ್ದು ಎಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮೇಲೂ ಆ ಹೊತ್ತಿಗೆ ಸರಿಯಾಗಿ ಕೆಳಗಿಳಿದು ಹೋಗುತ್ತಿದ್ದೆ.

ಮುಂದಿನ ಶುಕ್ರವಾರ ಪೀಟರ್ ಅವರನ್ನು ಮುಹರ್ರಕ್‌ನಲ್ಲಿ ಎಣ್ಣೆ ಹೇಗೆ ಹಾಕುತ್ತಿದ್ದರು ಎಂದು ಕೇಳಿದೆ. ಅವರಿಗೆ ಖುಷಿಯಾಯಿತು, ತಂದೆಯ ವಿಷಯ ಅದು. ಪೆಟ್ರೋಲ್ ತಗಡಿನ ಡಬ್ಬಿಗಳಲ್ಲಿ ಬರುತ್ತಿತ್ತು. ಈ ಹವೆಯಲ್ಲಿ ಡಬ್ಬಿಯೊಳಗೂ ನೀರು ಇಬ್ಬನಿಯಂತೆ ಕಟ್ಟುತ್ತದೆ, ಮತ್ತು ಆಕಾಶದಲ್ಲಿ ಎಂಜಿನಿನ ಬಾಯಿಗೆ ಒಂದು ಲೋಟ ನೀರು ಸಿಕ್ಕಿದರೆ ಸಾಕು. ಅದಕ್ಕೆ ರೆಕ್ಕೆಯ ಮೇಲೆ ಹತ್ತಿ, ದೊಡ್ಡ ಲಾಳಿಕೆಗೆ ಮೆದು ಚರ್ಮ ಹಾಸಿ, ಅದರ ಮೂಲಕ ಸುರಿಯುತ್ತಿದ್ದರು. ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ಹಿಡಿಯುತ್ತದೆ. ಪೀಟರ್ ಎದ್ದುಹೋಗಿ ತಂದೆಯ ಪೆಟ್ಟಿಗೆಯಿಂದ ಅಂಥದೊಂದು ಚರ್ಮ ತಂದರು, ಒಣಗಿ ಹಪ್ಪಳದಂತಾಗಿತ್ತು. ನೀರಿನಲ್ಲಿ ನೆನೆಸಿ ಹಿಂಡಿ, ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲನ್ನು ಅದರ ಮೇಲೆ ಸ್ವಲ್ಪ ಸುರಿದು ತೋರಿಸಿದರು.

ವಾಸನೆ ಎದ್ದಿತು. ಖದೀಜಮ್ಮನ ಕೋಣೆಯದು. ನಾನು ಕುರ್ಚಿಯಲ್ಲಿ ಕೂತೆ. ಸೆಖೆಯೇ ಎಂದು ಪೀಟರ್ ಕೇಳಿದರು, ಹೌದು ಎಂದೆ.

ಆಮೇಲೆ ಅವರೇ ಹೇಳಿದರು. ದುರಸ್ತಿಯಾದ ಪ್ರತಿ ವಿಮಾನವನ್ನೂ ಹಗಲಿನಲ್ಲಿ ಒಂದು ಸುತ್ತು ಹಾರಿಸಿ ಪರೀಕ್ಷೆ ಮಾಡುತ್ತಿದ್ದರು. ತಂದೆಯದೊಂದು ನಿಯಮವಿತ್ತು: ಆ ವಿಮಾನದ ಮೇಲೆ ಕೈಯಿಟ್ಟವರು ಆ ಹಾರಾಟದಲ್ಲಿ ಕೂರಬೇಕು. ಬೋಲ್ಟ್ ಬಿಗಿದವನು ತಾನು ಬಿಗಿದ ಬೋಲ್ಟಿನ ಜತೆ ಹೋಗಲಿ. ನಿಯಮ ಬಂದ ಮೇಲೆ ಕೈತಪ್ಪುಗಳು ಇಳಿದುಹೋದವು ಎಂದು ಪೀಟರ್ ಹೆಮ್ಮೆಯಿಂದ ಒಂದು ಇಡೀ ಪುಟ ಬರೆದಿದ್ದರು.

"ಎಣ್ಣೆ ಸುರಿದವರು ಯಾರು?" ಎಂದೆ.

"ಕಂಟ್ರಾಕ್ಟರ್ ಕರೆತಂದ ಕೂಲಿಗಳು. ಇಲ್ಲಿಯವರು, ನಿಮ್ಮ ಕಡೆಯವರು."

"ಅವರೂ ಹತ್ತಬೇಕಿತ್ತೇ?"

ಪೀಟರ್ ಚರ್ಮದ ತುಂಡನ್ನು ಮಡಚಿದರು, ಬಿಡಿಸಿದರು. ಅದನ್ನು ತಾವು ಯೋಚಿಸಿರಲಿಲ್ಲ ಎಂದರು. ಆಮೇಲೆ, ನಿಯಮವೆಂದರೆ ತಂದೆಗೆ ಎಲ್ಲರಿಗೂ ನಿಯಮ ಎಂದರು. ಅವತ್ತು ನಾವು ಬೇರೆ ಕೆಲಸ ಮಾಡಲಿಲ್ಲ.

ನಾನು ಖದೀಜಮ್ಮನ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ: ಅವರು ಇಲ್ಲಿಗೆ ಬರುತ್ತಾರೆಯೇ?

ಬಂದರು. ಕಿಡ್ನಿಯ ಡಾಕ್ಟರು ತಡಮಾಡದೆ ಊರಿಗೆ ಕಳಿಸಿ ಎಂದು ಹೇಳಿದ ವಾರ ಅದು, ಟಿಕೆಟ್ ಆಗಿತ್ತು. ಅವಾಲಿಯ ಹುಲ್ಲುಹಾಸು, ತಗ್ಗಿನ ಮನೆಗಳು, ಬೇಲಿ ನೋಡಿ ಖದೀಜಮ್ಮ, ಇದು ಯಾವ ದೇಶ ಎಂದು ಮಗನನ್ನು ಕೇಳಿದರು. ಪೀಟರ್ ಬಾಗಿಲಲ್ಲೇ ನಿಂತಿದ್ದರು. ಇಬ್ಬರು ಮುದುಕರು ಎದುರುಬದುರು ಕೂತರು. ನಡುವೆ ನಾನು ಭಾಷೆಯಾದೆ.

ಪೀಟರ್ ತಮ್ಮ ಪುಸ್ತಕದ ಹಸ್ತಪ್ರತಿಯಿಂದ ಓದಿದರು. ಮುಹರ್ರಕ್‌ನಿಂದ ಪರೀಕ್ಷೆಗೆಂದು ಎದ್ದ ಒಂದು ವಿಮಾನ, ಇಂಥದೇ ಬಿಳಿ ಮಧ್ಯಾಹ್ನ, ಸಿತ್ರಾದ ಮೇಲೆ ತಿರುಗಿತು. ನೆಲೆಯ ಅಡುಗೆಯವನೊಬ್ಬ ನೋಡಿದ: ಎಡಗಡೆಯ ಹೊರ ಎಂಜಿನಿನ ಪ್ರೊಪೆಲ್ಲರ್ ತಿರುಗುತ್ತಿರಲಿಲ್ಲ.

ನಾನು ಅನುವಾದ ಮಾಡುವ ಮೊದಲೇ ಖದೀಜಮ್ಮ ತಲೆಯಾಡಿಸಿದರು. ಪೀಟರ್ ಏನು ಓದಿದರು ಎಂದು ಅವರಿಗೆ ತಿಳಿಯುವಂತಿರಲಿಲ್ಲ. ನಾನು ಹೇಳಿದ ಮೇಲೆ, "ಅದೇ," ಎಂದರು. "ದಿನಾ ಹೇಳ್ತೇನಲ್ಲ ನಿಮಗೆ."

ಇಲ್ಲಿ ಒಂದು ಮಾತು ಸೇರಿಸಬೇಕು. ಆ ಖಲಾಸಿ ಊರಿಗೆ ತಂದ ಸುದ್ದಿಯಲ್ಲಿ ಎಂಜಿನಿನ ಸಂಗತಿಯೂ ಇದ್ದಿರಬಹುದು. ಮಗುವಾಗಿದ್ದಾಗ ಕೇಳಿದ್ದು ಒಳಗೆಲ್ಲೋ ಉಳಿದಿರಬಹುದು. ಕಡಲೊಳಗಿನ ಬಾವಿಯ ಮಾತೂ ಅಷ್ಟೆ. ಬಹರೈನಿನ ಕಡಲತಳದಲ್ಲಿ ಸಿಹಿನೀರಿನ ಬುಗ್ಗೆಗಳು ಇದ್ದದ್ದು ನಿಜ, ಮೇಲಿನಿಂದ ಅವು ಕಪ್ಪು ವೃತ್ತಗಳಂತೆ ಕಾಣುತ್ತಿದ್ದವು ಎಂದು ದಳದವರೂ ಹೇಳಿದ್ದಾರೆ. ಆದರೆ ಮಂಜಿಯವರಿಗೂ ಆ ಬುಗ್ಗೆಗಳು ಗೊತ್ತಿದ್ದವು, ಅಲ್ಲಿಂದಲೇ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರು. ಯಾವುದೂ ಸಾಕ್ಷಿಯಲ್ಲ.

ಪೀಟರ್ ಹಾಳೆ ಕೆಳಗಿಟ್ಟು, ಬರೆಯದೇ ಬಿಟ್ಟಿದ್ದನ್ನು ಹೇಳಿದರು. ಎಣ್ಣೆಯಲ್ಲಿ ನೀರು ಸೇರಿತ್ತೆಂದು ತಂದೆಯ ಊಹೆ. ವಿಮಾನ ಮಂಜಿನೊಳಗೆ ಹೋಯಿತು, ಬರಲಿಲ್ಲ. ದೋಣಿಗಳು ಹುಡುಕಿದವು. ಎಣ್ಣೆ ಮುಗಿಯುವ ಹೊತ್ತು ಬಂತು. ಬಟ್ಟೆ ಮಡಚಲು ಹೋದ ಇಬ್ಬರನ್ನು ಅವರ ತಂದೆ ತಡೆದು ವಾಪಸು ಕಳಿಸಿದರು. ದಳದಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ಮರಳುಗಾಳಿ ಹೊತ್ತೊಯ್ಯುವ ತನಕ ಆ ಬಟ್ಟೆ ಅಲ್ಲೇ ಬಿದ್ದಿತ್ತಂತೆ. ಹೋದವರು ಆರು ಜನ ಎಂದು ದಾಖಲೆ. ಬಹುಕಾಲದ ಮೇಲೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಸಾಯುತ್ತಿದ್ದ ತಂದೆ ಪ್ರತಿ ಮಧ್ಯಾಹ್ನ, ಎಷ್ಟು ಜನ ಎಂದು ಕೇಳುತ್ತಿದ್ದರು. ಆರು, ಅಪ್ಪಾ ಎಂದು ಪೀಟರ್ ಹೇಳುತ್ತಿದ್ದರು. ಏಳು ಎಂದು ತಂದೆ ತಿದ್ದುತ್ತಿದ್ದರು. ಜ್ವರದ ಮಾತು ಎಂದು ಮಗ ಸುಮ್ಮನಾಗಿದ್ದರು.

ನಾನು ಇದನ್ನು ಕನ್ನಡಕ್ಕೆ ತಂದು ಮುಗಿಸಿದಾಗ ಖದೀಜಮ್ಮ ಪೀಟರ್ ಅವರನ್ನೇ ನೋಡುತ್ತಿದ್ದರು. "ಇವರ ಬಾಪನೂ ಕಾಯ್ತಾ ಇದ್ದರಲ್ಲ, ಪಾಪ," ಎಂದರು. ಅದನ್ನು ನಾನು ಅನುವಾದ ಮಾಡಲಿಲ್ಲ. ಪೀಟರ್ ಕೇಳಲೂ ಇಲ್ಲ. ಹೊರಡುವಾಗ, ತಂದೆಯ ನಿಯಮದಿಂದ ಹೀಗಾಯಿತು ಎಂದು ಆಕೆಗೆ ಹೇಳು ಎಂದರು. ಹೇಳಿದೆ. ನಿಯಮ ಒಳ್ಳೆಯದೇ, ಎಣ್ಣೆಗೆ ನೀರು ಹೇಗೆ ಸೇರಿತೋ ಸೃಷ್ಟಿಸಿದವನಿಗೆ ಗೊತ್ತು ಎಂದು ಖದೀಜಮ್ಮ ಎದ್ದರು.

ಕಾರಿನಲ್ಲಿ ಅವರು ಮನೆಗೆ ಬೇಡ, ಸಿತ್ರಾಕ್ಕೆ ಎಂದರು. ಹಾಗೆ ಹೋದೆವು.

ಸಿತ್ರಾದ ಒಂದು ಹಳ್ಳಿಯ ಹಿಂದೆ, ಕಾರ್ಖಾನೆಗಳ ಗೋಡೆ ಮುಗಿಯುವ ಕಡೆ, ಇಸ್ಮಾಯಿಲಾಕ ಕಾರು ನಿಲ್ಲಿಸಿದರು. ಇಳಿತದ ಹೊತ್ತು. ಅಲ್ಲಿಯ ಕಡಲು ನಮ್ಮ ಕಡಲಲ್ಲ, ತೆರೆಯಿಲ್ಲ. ನೀರು ಹಿಂದೆ ಸರಿದು ಕೆಸರಿನ ಬಯಲು ಬಿಟ್ಟಿತ್ತು, ಅದರ ಮೇಲೆ ನೂರಾರು ಹಕ್ಕಿಗಳು ಮೇಯುತ್ತಿದ್ದವು. ಆಚೆಗೆ ಏನೂ ಇಲ್ಲ, ಬಿಳಿ. ಇಸ್ಮಾಯಿಲಾಕ ತಾಯಿಗೆ ಕೊಡೆ ಹಿಡಿದು, ಈ ಕೆಸರಿನಲ್ಲಿ ಕುಂಬಳ, ಬದನೆ ಹಾಕಿದರೆ ಒಳ್ಳೆ ಬೆಳೆ ಬರ್ತಿತ್ತು ಉಮ್ಮ ಎಂದು ಏನೋ ತಮಾಷೆ ಮಾಡಿದರು. ಯಾರೂ ನಗಲಿಲ್ಲ.

ಹಕ್ಕಿಗಳು ಒಟ್ಟಿಗೆ ಎದ್ದವು. ಕೂಗದೆ ಎದ್ದವು, ಹಾಸಿದ್ದನ್ನು ಯಾರೋ ಕೊಡವಿದ ಹಾಗೆ.

ಆಮೇಲೆ ನನಗೆ ಕೇಳಿಸಿತು. ತಗ್ಗಿನ ದಪ್ಪ ಸದ್ದು, ನೆಲದಿಂದ ಕಾಲಿಗೆ ಮೊದಲು ತಾಗಿ ಆಮೇಲೆ ಕಿವಿಗೆ ಬಂದಂತೆ. ಈಗಿನ ವಿಮಾನದ ಸದ್ದಿನಂತೆ ನಯವಾಗಿರಲಿಲ್ಲ. ಮಿಡಿಯುತ್ತಿತ್ತು, ಒಂದು ಬದಿಗೆ ಕುಂಟುತ್ತಿತ್ತು. ನಮ್ಮ ಎಡಗಡೆಯ ಮಂಜಿನೊಳಗೆ ಹತ್ತಿರವಾಗುತ್ತ ಬಂತು. ನಾನು ಇಸ್ಮಾಯಿಲಾಕನ ಕಡೆ ನೋಡಿದೆ. ಅವರು ಕೊಡೆ ಬಿಟ್ಟಿದ್ದರು. ಬಾಯಿ ತೆರೆದು ತಲೆಯ ಮೇಲಿನ ಬಿಳಿಯನ್ನು ನೋಡುತ್ತಿದ್ದರು, ಅಷ್ಟು ವರ್ಷ ಅಲ್ಲೇ ಬಸ್ ಓಡಿಸಿದ ಮನುಷ್ಯ. ನಮ್ಮ ಮೇಲೆ ಏನೂ ಹಾದುಹೋಗಲಿಲ್ಲ. ಆದರೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಸದ್ದು ನಿಂತಿತು. ದೂರವಾಗಿ ಕರಗಲಿಲ್ಲ. ನಿಂತಿತು. ಅದಾದ ಮೇಲಿನ ಮೌನದಲ್ಲಿ ನಾವು ಮೂವರೂ ಇನ್ನೊಂದು ಸದ್ದಿಗಾಗಿ, ನೀರಿನ ಸದ್ದಿಗಾಗಿ ಕಾದೆವು. ಅದು ಬರಲಿಲ್ಲ.

ಹಕ್ಕಿಗಳು ಒಂದೊಂದಾಗಿ ಇಳಿದವು.

ಖದೀಜಮ್ಮ ನನ್ನ ಕಡೆ ತಿರುಗಿದರು.

"ಕಂಡವರು ಯಾರೂ ಉಳಿದಿಲ್ಲ ಮೋನೇ. ನೀವು ಪೇಪರಿನವರು. ನೀವು ಹೇಳಿ. ನನ್ನ ಬಾಪ ಅದರಲ್ಲಿದ್ದರು ಅಂತ ನೀವು ಪೇಪರಿನಲ್ಲಿ ಹಾಕ್ತೀರಾ?"

ಇಸ್ಮಾಯಿಲಾಕ ಅವರ ಹಿಂದಿನಿಂದ ನನಗೆ ತಲೆಯಾಡಿಸಿದರು, ಹೌದು ಎನ್ನಿ ಎಂದು. ಅವರಿಗೆ ಬೇಕಾದದ್ದು ತಾಯಿಯ ಮನಸ್ಸು ಹಗುರಾಗುವುದು. ನನಗೂ ಅದು ಬೇಡವೆಂದಲ್ಲ.

ಒಬ್ಬ ಖಲಾಸಿಯ ಮಾತು, ಸಾಯುವ ಮುದುಕನ ಒಂದು ಅಂಕಿ. ಹೆಸರು ಎಲ್ಲೂ ಇಲ್ಲ. ಏಳನೆಯವನು ಯಾವ ಕೂಲಿಯೂ ಆಗಿರಬಹುದು. "ಇಲ್ಲ ಉಮ್ಮ," ಎಂದೆ. "ಹಾಕುವುದಿಲ್ಲ. ಅಷ್ಟು ಗಟ್ಟಿಯಿಲ್ಲ."

ಇಸ್ಮಾಯಿಲಾಕ ನನ್ನ ಮೇಲೆ ಸಿಟ್ಟಿನಿಂದ ಏನೋ ಹೇಳಹೊರಟರು. ತಾಯಿ ಕೈಯೆತ್ತಿ ತಡೆದರು. "ಹಾಗಾದ್ರೆ ಈಗಲೂ ಹಾರ್ತಾ ಇದ್ದಾರಾ?"

ಈಗಷ್ಟೇ ಕೇಳಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಅದನ್ನು ಇಲ್ಲವೆನ್ನಲು ಆಗುತ್ತಿರಲಿಲ್ಲ. ಆದರೆ ಡೆಸ್ಕಿನಲ್ಲಿ ಕೂತವನು ಕೊನೆಗೆ ಹುಡುಕುವುದು ಯಾರೂ ಅಲ್ಲವೆನ್ನಲಾಗದ ಒಂದು ಸಾಲನ್ನು. ಅದೊಂದು ನನ್ನಲ್ಲಿತ್ತು.

"ಇಲ್ಲ. ಅದರಲ್ಲಿ ಯಾರೇ ಇರಲಿ, ಎಣ್ಣೆ ಮುಗಿದಿದೆ. ಅವತ್ತೇ, ಬೈಗಾಗುವ ಮುಂಚೆ ಮುಗಿದಿದೆ. ಅದನ್ನು ಮಾತ್ರ ನಾನು ಬರೆದು ಕೆಳಗೆ ಸಹಿ ಹಾಕ್ತೇನೆ."

ಅವರ ತುಟಿ ಅಲುಗುತ್ತಿತ್ತು; ಆ ಮಾತನ್ನು ಒಳಗೆ ಇಟ್ಟು ನೋಡುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಮಗನ ತೋಳು ಹಿಡಿದುಕೊಂಡರು. "ಹೌದಲ್ಲ. ಯಾರೂ ನಮಗೆ ಅದನ್ನು ಹೇಳ್ಲೇ ಇಲ್ಲ," ಎಂದರು. "ಇಸ್ಮಾಯಿಲ್, ಉಸ್ತಾದರಿಗೆ ಫೋನ್ ಮಾಡು. ನಾನು ಹೋಗುವುದಕ್ಕಿಂತ ಮೊದಲು ಆಗಬೇಕು."

ಪೀಟರ್ ತಮ್ಮ ಪುಸ್ತಕದಲ್ಲಿ ಏಳು ಎಂದು ಬರೆಯಲು ಬಯಸಿದರು. ನಾನು ಒಪ್ಪಲಿಲ್ಲ. ಕೊನೆಗೆ ಒಂದು ವಾಕ್ಯಕ್ಕೆ ಇಬ್ಬರೂ ಬಂದೆವು: ದಾಖಲೆಯಲ್ಲಿ ಆರು ಹೆಸರುಗಳಿವೆ, ದಳದ ಎಂಜಿನಿಯರಿಂಗ್ ಅಧಿಕಾರಿ ಕೊನೆಯವರೆಗೂ ಏಳು ಎನ್ನುತ್ತಿದ್ದರು. ಪುಸ್ತಕ ಹಾಗೆಯೇ ಅಚ್ಚಾಯಿತು.

ಖದೀಜಮ್ಮ ಊರಿಗೆ ಹೊರಡುವ ಮುಂಚಿನ ಶುಕ್ರವಾರ ಜುಮಾ ಮುಗಿದ ಮೇಲೆ ಸನದ್‌ನ ಒಂದು ಚಿಕ್ಕ ಮಸೀದಿಯಲ್ಲಿ ಗಾಯಿಬ್ ನಮಾಝ್ ಆಯಿತು. ತಮ್ಮವರ ಪದ್ಧತಿಯಲ್ಲಿ ಅದಕ್ಕೆ ಎಡೆಯಿದೆ ಎಂದು ನಮಾಝ್ ಮಾಡಿಸುವ ಮಲಬಾರಿನ ಉಸ್ತಾದರು ಒಪ್ಪಿದ್ದರು. ಹೆಂಗಸರು ಮನೆಯಲ್ಲಿ, ಖದೀಜಮ್ಮ ಕೋಣೆಯಲ್ಲೇ ಚಾಪೆ ಹಾಸಿ ಕೂತಿದ್ದರು. ಪೀಟರ್ ಟೈ ಕಟ್ಟಿಕೊಂಡು ಬಂದಿದ್ದರು. ಆ ಸೆಖೆಯಲ್ಲಿ ಮಸೀದಿಯ ಗೋಡೆಯ ಪಟ್ಟಿ ನೆರಳಿನಲ್ಲಿ ನಾನೂ ಅವರೂ ನಿಂತೆವು. ಬಾಗಿಲಿನಿಂದ ಒಳಗಿನ ಸಾಲುಗಳು ಕಾಣುತ್ತಿದ್ದವು: ಬಂಗಾಳಿ ಕೂಲಿಗಳು, ಪಾಕಿಸ್ತಾನಿ ಚಾಲಕರು, ಅಲ್ಲಿಯವರೇ ಆದ ಕೆಲವು ಹಿರಿಯರು, ಯಾರಿಗೂ ಪರಿಚಯವಿಲ್ಲದ ಒಬ್ಬನಿಗಾಗಿ ಭುಜಕ್ಕೆ ಭುಜ ತಾಗಿಸಿ ನಿಂತವರು. ಆ ಪ್ರಾರ್ಥನೆಯಲ್ಲಿ ಬಾಗುವುದಿಲ್ಲ, ಹಣೆ ನೆಲಕ್ಕೆ ತಾಗಿಸುವುದಿಲ್ಲ. ನಿಂತೇ ಮುಗಿಸುತ್ತಾರೆ. ಇಷ್ಟೇ ಏನು ಎಂದು ಪೀಟರ್ ಪಿಸುಗುಟ್ಟಿದರು. ಇಷ್ಟೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಹವೆಯಲ್ಲಿ ಎಲ್ಲರೂ ಒರೆಸಿಕೊಳ್ಳುತ್ತಾರೆ.

ಇಸ್ಮಾಯಿಲಾಕ ಹೊರಗೆ ಬಂದರು. ಹೊರಲು ಶವದ ಮಂಚವಿಲ್ಲ, ಹೋಗಲು ದಫನ್ ಇಲ್ಲ; ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಮೆಟ್ಟಿಲ ಮೇಲೆ ನಿಂತರು. ಜನ ಒಬ್ಬೊಬ್ಬರಾಗಿ ಬಂದು ಕೈ ಹಿಡಿದು ಸಾಂತ್ವನ ಹೇಳಿ ಹೋದರು. ಕೊನೆಗೆ ಒಬ್ಬ ಬಹರೈನಿ ಮುದುಕ, ಕೋಲೂರಿಕೊಂಡು ಬಂದವರು, ಅವರ ಕೈ ಬಿಡದೆ ನಿಧಾನವಾಗಿ ಹಿಂದಿಯಲ್ಲಿ ವಿಚಾರಿಸಿದರು. ತೀರಿಕೊಂಡವರು ಯಾರು? ಅಜ್ಜ ಎಂದರು ಇಸ್ಮಾಯಿಲಾಕ. ಸಿತ್ರಾದಲ್ಲಿ, ಕಡಲಿನಲ್ಲಿ. ಮುದುಕರು ದುವಾ ಹೇಳಿ ತಲೆದೂಗಿದರು. ನಂತರ ಎಲ್ಲರೂ ಕೇಳುವುದನ್ನು ಕೇಳಿದರು: ತುಂಬ ವಯಸ್ಸಾಗಿತ್ತೇ?

ಇಸ್ಮಾಯಿಲಾಕ ತಮ್ಮ ನೆರೆತ ಗಡ್ಡದ ಮೇಲೆ ಕೈಯಾಡಿಸಿಕೊಂಡರು.

"ಇಲ್ಲ," ಎಂದರು. "ನನಗಿಂತ ತುಂಬ ಚಿಕ್ಕವರು."